ರಾತ್ರಿ ಹೆಚ್ಚಿಟ್ಟ ಬದನೆಕಾಯಿ ಬೆಳಗ್ಗೆ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ಬೆಳಗ್ಗೆ ಏಳೂವರೆಗೆಲ್ಲ ಮನೆ ಬಿಡಬೇಕು. ಡಬ್ಬಿಗೆ ವಾಂಗಿಬಾತ್ ಮಾಡೋಣ ಅಂತ ರಾತ್ರಿಯೇ ಬದನೆಕಾಯಿ ಹೆಚ್ಚಿ, ಉಪ್ಪು ನೀರಿಗೆ ಹಾಕಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಳಗ್ಗೆ ನೋಡಿದರೆ ನೀರೂ ಕಂದು, ಹೋಳೂ ಕಂದು. ಹುರಿದರೆ ಮೆತ್ತಗಾಗಿ ಅನ್ನದಲ್ಲಿ ಕರಗಿಹೋಗುತ್ತದೆ. ಬದನೆಕಾಯಿಯನ್ನು ಹೇಗೆ ಹೆಚ್ಚಿಡಬೇಕು? ನೀರಿಗೆ ಬೇರೆ ಏನಾದರೂ ಬೆರೆಸಬೇಕಾ?

ಉತ್ತರ: ಬೆಂಗಳೂರಿನಲ್ಲಿ ಬೆಳಗ್ಗೆ ಬೇಗ ಮನೆ ಬಿಡುವ ಎಷ್ಟೋ ಜನ ಕೇಳುವ ಪ್ರಶ್ನೆ ಇದು. ಮೊದಲೇ ಹೇಳಿಬಿಡುತ್ತೇನೆ. ಬದನೆಕಾಯಿಯನ್ನು ರಾತ್ರಿ ಬರೀ ಹೆಚ್ಚಿ ಇಡಬೇಡಿ. ಹೆಚ್ಚಲೇಬೇಕು ಅಂದರೆ ರಾತ್ರಿಯೇ ಒಗ್ಗರಣೆಗೆ ಹಾಕಿ ಮುಕ್ಕಾಲು ಬೇಯಿಸಿಬಿಡಿ. ಹುರುಳಿಕಾಯಿ, ಕ್ಯಾರೆಟ್ ಹೆಚ್ಚಿ ಡಬ್ಬಿಯಲ್ಲಿಟ್ಟರೆ ಬೆಳಗಿನವರೆಗೆ ಚೆನ್ನಾಗಿಯೇ ಇರುತ್ತವೆ. ಬದನೆ ಹಾಗಲ್ಲ. ನೀರಿಗೆ ಉಪ್ಪು ಹಾಕಿ, ಮಜ್ಜಿಗೆ ಹಾಕಿ, ನಿಂಬೆಹಣ್ಣು ಹಿಂಡಿ, ಯಾವುದೂ ಒಂದು ರಾತ್ರಿಯ ಉಪಾಯವಲ್ಲ. ಚಾಕುವಿನಿಂದ ಬಾಣಲೆಗೆ ಹೋಗುವ ನಡುವಿನ ಹತ್ತು ಹದಿನೈದು ನಿಮಿಷಕ್ಕೆ ಮಾತ್ರ ಅವು ಸಾಕು.

ಕಾರಣ ಕಾಯಿಯ ಒಳಗೇ ಇದೆ. ಬದನೆಯ ತಿರುಳಿನಲ್ಲಿ ಕ್ಲೋರೋಜೆನಿಕ್ ಆಮ್ಲ ಅನ್ನುವ ಒಂದು ವಸ್ತು ಜಾಸ್ತಿ ಇರುತ್ತದೆ. ಕಾಫಿ ಬೀಜದಲ್ಲಿ ಇರುವುದೂ ಇದೇ. ಅದರ ಪಕ್ಕದಲ್ಲೇ, ಆದರೆ ಬೇರೆಯಾಗಿ, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಚಾಕು ತಗುಲಿದಾಗ ಜೀವಕೋಶಗಳು ಒಡೆದು ಎರಡೂ ಬೆರೆಯುತ್ತವೆ. ಗಾಳಿಯಲ್ಲಿರುವ ಆಮ್ಲಜನಕವೂ ಸೇರಿಕೊಂಡರೆ ಕಂದು ಬಣ್ಣ ಶುರು. ನೀರಿನಲ್ಲಿ ಮುಳುಗಿಸಿದರೆ ಗಾಳಿ ಕಡಿಮೆ ತಗಲುತ್ತದೆ, ಅಷ್ಟೇ. ಹೋಳಿನಿಂದ ರಸ ನಿಧಾನವಾಗಿ ನೀರಿಗೆ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಬೆಳಗ್ಗೆ ನಿಮ್ಮ ನೀರೂ ಕಂದಾಗಿರುವುದು. ಫ್ರಿಜ್ಜಿನ ತಂಪು ಈ ಕೆಲಸವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಬಿಸಿ ಮಾತ್ರ. ಹೋಳು ಒಳಗಿನವರೆಗೂ ಚೆನ್ನಾಗಿ ಬಿಸಿಯಾದರೆ ಕಿಣ್ವದ ಆಟ ಮುಗಿಯಿತು.

ಕರಗಿಹೋಗುವುದಕ್ಕೂ ನೀರೇ ಕಾರಣ. ಬದನೆಯ ತಿರುಳು ಸ್ಪಂಜಿನ ಹಾಗೆ, ತುಂಬಾ ಗಾಳಿಯ ಗೂಡುಗಳು. ರಾತ್ರಿಯೆಲ್ಲ ನೆನೆದರೆ ಆ ಗೂಡುಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಬಾಣಲೆಗೆ ಹಾಕಿದಾಗ ಅದು ಹುರಿಯುವುದಿಲ್ಲ, ತನ್ನದೇ ನೀರಿನಲ್ಲಿ ಬೇಯುತ್ತದೆ. ಆಮೇಲೆ ಅನ್ನ ಕಲಸುವಾಗ ಹೋಳು ಎಲ್ಲಿ ಉಳಿಯಬೇಕು?

ಹಾಗಾದರೆ ರಾತ್ರಿ ಏನು ಮಾಡಬೇಕು? ಕಾಲು ಕೆಜಿ ಉದ್ದ ಬದನೆಗೆ ಎರಡು ಮೂರು ಚಮಚ ಎಣ್ಣೆ ಕಾಯಿಸಿ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು ಹಾಕಿ. ಒಗ್ಗರಣೆ ರೆಡಿಯಾಗುವ ಹೊತ್ತಿಗೆ ಬದನೆಕಾಯಿ ಹೆಚ್ಚಿ ನೀರಿಗೆ ಹಾಕಿ ಮುಗಿದಿರಬೇಕು. ನೀರಿನಿಂದ ತೆಗೆದು, ಚೆನ್ನಾಗಿ ಹಿಂಡಿ ಅಥವಾ ಬಟ್ಟೆಯಲ್ಲಿ ಒತ್ತಿ ಬಾಣಲೆಗೆ ಹಾಕಿ. ಅರಿಶಿನ, ಉಪ್ಪು ಸೇರಿಸಿ ಮುಚ್ಚಳ ಹಾಕದೆ ಹುರಿಯಿರಿ. ಮುಚ್ಚಿದರೆ ಆವಿ ನೀರಾಗಿ ಮತ್ತೆ ಕೆಳಗೆ ಬೀಳುತ್ತದೆ. ಹೋಳು ಮುಕ್ಕಾಲು ಬೆಂದಾಗ, ಅಂದರೆ ಒತ್ತಿದರೆ ಬಗ್ಗಬೇಕು ಆದರೆ ಮುರಿಯಬಾರದು, ಆಗ ಹುಣಸೆರಸ ಹಾಕಿ. ಈ ಹುಣಸೆರಸದ ಸಮಯವೇ ಮುಖ್ಯ. ಹುಳಿ ಬಿದ್ದ ಮೇಲೆ ಯಾವ ತರಕಾರಿಯೂ ಬೇಗ ಮೆತ್ತಗಾಗುವುದಿಲ್ಲ. ಮೊದಲೇ ಹಾಕಿದರೆ ಬದನೆ ಬೇಯದೆ ಗಟ್ಟಿ ನಿಲ್ಲುತ್ತದೆ, ಕೊನೆಗೆ ಹಾಕಿದರೆ ಆಗಲೇ ಕರಗಿರುತ್ತದೆ. ಮುಕ್ಕಾಲು ಹದದಲ್ಲಿ ಹಾಕಿದರೆ ಹೋಳು ಅಲ್ಲೇ ನಿಲ್ಲುತ್ತದೆ. ವಾಂಗಿಬಾತ್ ಪುಡಿ, ಚೂರು ಬೆಲ್ಲ ಸೇರಿಸಿ ಒಂದು ಕುದಿ ಬಂದ ಮೇಲೆ ಇಳಿಸಿ. ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಅನ್ನ ಮಾಡಿ ಆರಲು ಬಿಟ್ಟು, ಇದನ್ನು ಬಿಸಿ ಮಾಡಿ ಕಲಸಿದರೆ ಆಯಿತು. ರಾತ್ರಿ ಕಾಲು ಗಂಟೆಯ ಕೆಲಸ, ಆದರೆ ಬೆಳಗ್ಗೆ ಅದಕ್ಕಿಂತ ಜಾಸ್ತಿ ಸಮಯ ಉಳಿಯುತ್ತದೆ.

ಬೆಳಗ್ಗೆಯೇ ಹೆಚ್ಚುವವರಿಗೆ ನೀರು ಬೇಕೇ ಬೇಕು. ಚಾಕು ಹಿಡಿಯುವ ಮೊದಲೇ ಪಾತ್ರೆಯಲ್ಲಿ ನೀರು ತುಂಬಿ, ಒಂದು ಚಮಚ ಉಪ್ಪು ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಹೋಳು ಬಿದ್ದ ಹಾಗೆಲ್ಲ ನೀರಿಗೆ ಹೋಗಬೇಕು. ಎಲ್ಲ ಹೆಚ್ಚಿ ಮುಗಿಸಿ ಆಮೇಲೆ ನೀರು ಹುಡುಕಿದರೆ ಮೊದಲು ಹೆಚ್ಚಿದ್ದು ಆಗಲೇ ಕಂದಾಗಿರುತ್ತದೆ. ಹೋಳು ತೇಲುತ್ತದಲ್ವಾ, ಮೇಲೆ ಒಂದು ತಟ್ಟೆ ಮುಚ್ಚಿ ಒತ್ತಿ. ಉಪ್ಪಿಗಿಂತ ಹುಳಿ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಹುಳಿಯಲ್ಲಿ ಆ ಕಿಣ್ವಕ್ಕೆ ಶಕ್ತಿ ಸಾಲದು. ಒಂದು ಸೌಟು ಹುಳಿ ಮಜ್ಜಿಗೆ ಅಥವಾ ಅಡುಗೆಗೆ ನೆನೆಹಾಕಿದ ಹುಣಸೆಯ ಎರಡನೇ ನೀರು ಸಾಕು. ಇನ್ನೊಂದು ವಿಷಯ, ಕಬ್ಬಿಣದ ಅಲಗಿನ ಈಳಿಗೆಮಣೆಯಲ್ಲಿ ಹೆಚ್ಚಿದರೆ ಬದನೆ ಇನ್ನೂ ಬೇಗ ಕಪ್ಪಾಗುತ್ತದೆ. ಕಬ್ಬಿಣ ಆ ರಸದ ಜೊತೆ ಸೇರಿ ನೀಲಿಗಪ್ಪು ಬಣ್ಣ ಬಿಡುತ್ತದೆ. ಈಳಿಗೆಮಣೆಯಲ್ಲಿ ಹೆಚ್ಚುವ ಕೈ ಪಳಗಿದವರಿಗೆ ಅದನ್ನು ಬಿಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಬದನೆ, ಬಾಳೆಕಾಯಿ, ಬಾಳೆದಿಂಡಿಗೆ ಮಾತ್ರ ಸ್ಟೀಲ್ ಚಾಕು ಇಟ್ಟುಕೊಳ್ಳಿ.

ಹೇಗೆ ಹೆಚ್ಚಬೇಕು ಅನ್ನುವುದು ಅಡುಗೆಗೆ ತಕ್ಕಂತೆ. ವಾಂಗಿಬಾತಿಗೆ ಎರಡು ಅಂಗುಲ ಉದ್ದ, ಬೆರಳಿನಷ್ಟು ದಪ್ಪ. ಪ್ರತಿ ಹೋಳಿಗೂ ಒಂದು ಬದಿ ಸಿಪ್ಪೆ ಇರಬೇಕು. ಹೋಳನ್ನು ಹಿಡಿದಿಡುವುದೇ ಆ ಸಿಪ್ಪೆ. ಹುಳಿಗೆ, ಅದರಲ್ಲೂ ಚಳಿಗಾಲದಲ್ಲಿ ಅವರೆಕಾಳಿನ ಜೊತೆ ಹಾಕುವಾಗ, ಇನ್ನೂ ದಪ್ಪ ಇರಲಿ. ಎಣ್ಣೆಗಾಯಿಗೆ ತೊಟ್ಟು ಕತ್ತರಿಸಬೇಡಿ. ತೊಟ್ಟಿನ ಮುಳ್ಳು ಮಾತ್ರ ಸವರಿ, ಕೆಳಗಿನ ತುದಿಯಿಂದ ನಾಲ್ಕಾಗಿ ಸೀಳಿ, ತೊಟ್ಟಿನ ಹತ್ತಿರ ನಿಲ್ಲಿಸಿ. ನೀರಿಗೆ ಬಿಟ್ಟ ಕಾಯಿಯನ್ನು ತಲೆಕೆಳಗಾಗಿ ಹಿಡಿದು ಕೊಡವಿ ಆಮೇಲೆ ಮಸಾಲೆ ತುಂಬಿ, ಇಲ್ಲದಿದ್ದರೆ ಮಸಾಲೆ ಜಾರಿ ಹೊರಗೆ ಬರುತ್ತದೆ. ಬಿಲ್ಲೆ ಮಾಡಿ ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿಯುವವರು ಮಾತ್ರ ನೀರಿಗೆ ಹಾಕಬೇಡಿ. ಉಪ್ಪು ಸವರಿ ಹದಿನೈದು ನಿಮಿಷ ಬಿಡಿ. ನೀರು ಹೊರಗೆ ಬಂದು ಗಾಳಿಗೂಡುಗಳು ಕುಸಿಯುತ್ತವೆ, ಎಣ್ಣೆ ಕಡಿಮೆ ಹೀರುತ್ತದೆ. ಸುಟ್ಟು ಗೊಜ್ಜು ಮಾಡುವವರಿಗೆ ಈ ಯಾವ ತಲೆನೋವೂ ಇಲ್ಲ. ಒಳಗಿನ ಆವಿಗೆ ಕಾಯಿ ಒಡೆಯದಂತೆ ಚಾಕುವಿನ ತುದಿಯಿಂದ ನಾಲ್ಕು ಕಡೆ ಚುಚ್ಚಿದರೆ ಸಾಕು.

ಹುಳುವಿನ ಬಗ್ಗೆಯೂ ಹೇಳಬೇಕು. ತೂತು ಇಲ್ಲದ ಕಾಯಿ ಅಂದರೆ ಹುಳು ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಕಾಯಿಕೊರಕ ಹುಳು ಕಾಯಿ ಎಳೆಯದಾಗಿರುವಾಗ ಸಣ್ಣ ಮರಿಯಾಗಿ ಒಳಗೆ ಹೋಗುತ್ತದೆ, ಆ ತೂತು ಮುಚ್ಚಿಕೊಳ್ಳುತ್ತದೆ. ನಮಗೆ ಕಾಣುವ ದೊಡ್ಡ ತೂತು ಅದು ಬೆಳೆದು ಹೊರಗೆ ಬಂದ ದಾರಿ. ಹಾಗಾಗಿ ಎಣ್ಣೆಗಾಯಿಗೆ ಸೀಳಿದ ಪ್ರತಿ ಕಾಯಿಯನ್ನೂ ಬಿಡಿಸಿ ಒಳಗೆ ನೋಡಿ. ಬಿಟಿ ಬದನೆ ಅನ್ನುವ ಕುಲಾಂತರಿ ತಳಿಯನ್ನು ತಯಾರಿಸಿದ್ದು ಇದೇ ಹುಳುವಿನ ಕಾಟಕ್ಕೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೂ ಅದರ ಬಗ್ಗೆ ಸಾರ್ವಜನಿಕ ಸಭೆ ನಡೆದಿತ್ತು, ಅದೇ ತಿಂಗಳು ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು.

ಹೆಚ್ಚುವಾಗಲೇ ಒಳಗೆ ಬೀಜ ಕಪ್ಪಾಗಿ ಕಂಡರೆ ಅದು ಚಾಕುವಿನ ತಪ್ಪಲ್ಲ. ಒಂದೋ ಕಾಯಿ ಬಲಿತಿದೆ, ಇಲ್ಲವೇ ತುಂಬಾ ದಿನ ಫ್ರಿಜ್ಜಿನಲ್ಲಿ ಕೂತಿದೆ. ಬದನೆಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪು ಒಗ್ಗುವುದಿಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಇರುವುದು 4, 5 ಡಿಗ್ರಿ. ಬೆಂಗಳೂರಿನ ಹವೆಯಲ್ಲಿ ಎರಡು ದಿನ ಬುಟ್ಟಿಯಲ್ಲಿ ಹೊರಗೇ ಇಡಬಹುದು. ವಾರಕ್ಕಾಗುವಷ್ಟು ಒಟ್ಟಿಗೆ ತರಬೇಡಿ. ಗಾಂಧಿ ಬಜಾರೋ ಹಾಪ್‌ಕಾಮ್ಸೋ ಮನೆ ಹತ್ತಿರದ ಗಾಡಿಯೋ, ಕೈಯಲ್ಲಿ ಹಿಡಿದು ನೋಡಿ ತನ್ನಿ. ಗಾತ್ರಕ್ಕೆ ತಕ್ಕ ಭಾರ, ಹೊಳೆಯುವ ಸಿಪ್ಪೆ, ಹಸಿರು ತೊಟ್ಟು ಇರಬೇಕು. ಎಳೆಯ ಕಾಯಿಯಲ್ಲಿ ಕಹಿ, ಕನರು ಎರಡೂ ಕಡಿಮೆ. ಬಲಿತ ಕಾಯಿಯ ಕಹಿ ಉಪ್ಪು ನೀರಿನಿಂದ ಪೂರ್ತಿ ಹೋಗುವುದಿಲ್ಲ.

ತಳಿಯಲ್ಲೂ ವ್ಯತ್ಯಾಸ ಇದೆ. ವಾಂಗಿಬಾತಿಗೆ ನನ್ನ ಆಯ್ಕೆ ಯಾವತ್ತೂ ಹಸಿರು ಉದ್ದ ಬದನೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಶಿರೀಷ್ ಈ ಜಾತಿಯದ್ದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿಯ ಮಟ್ಟುಗುಳ್ಳ ಸಿಕ್ಕಿದರೆ ಅದನ್ನು ವಾಂಗಿಬಾತಿಗೆ ಹಾಕಬೇಡಿ, ತೆಳು ಸಿಪ್ಪೆಯ ಆ ಕಾಯಿಗೆ ಹುಳಿಯೇ ಸರಿ.

ಈಗಾಗಲೇ ಹೆಚ್ಚಿಟ್ಟು ಕಂದಾಗಿರುವುದು ಫ್ರಿಜ್ಜಿನಲ್ಲಿ ಇದ್ದರೆ ಎಸೆಯಬೇಡಿ. ಬರೀ ಬಣ್ಣ ಬದಲಾಗಿದೆ, ಕೆಟ್ಟಿಲ್ಲ. ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ ಮಾತ್ರ ಬಿಸಾಡಿ. ನೀರು ಬಸಿದು, ಹಿಂಡಿ, ಹುಣಸೆ ಬೆಲ್ಲ ಹಾಕಿ ಗೊಜ್ಜು ಮಾಡಿ. ಗೊಜ್ಜಿನಲ್ಲಿ ಹೋಳು ಕರಗಿದರೂ ಪರವಾಗಿಲ್ಲ, ಬಣ್ಣವೂ ಕಾಣುವುದಿಲ್ಲ.