ಮೂರು ಡಾಲರ್ ದೀಪ ಮತ್ತು ಒಬ್ಬನೇ ಸಾಹುಕಾರ

ಬೋಸ್ಟನ್ ಹತ್ತಿರದ ಒಂದು ಸಣ್ಣ ಊರಲ್ಲಿ ನಮ್ಮಕ್ಕನ ಮನೆ. ಬೇಸಿಗೆಯಲ್ಲಿ ಹೋಗಿದ್ದಾಗ ಒಂದು ಶನಿವಾರ ಬೆಳಿಗ್ಗೆಯೇ ಎಬ್ಬಿಸಿ, 'ಏಳೋ, ಯಾರ್ಡ್ ಸೇಲ್ ಇದೆ, ಹೋಗಿ ಬರೋಣ' ಅಂದಳು. ಎರಡು ಬೀದಿ ಆಚೆ ಒಂದು ಮನೆಯವರು ಅಂಗಳದಲ್ಲಿ ಮೇಜು ಹಾಕಿ, ತಮಗೆ ಬೇಡವಾದದ್ದನ್ನೆಲ್ಲ ಹರಡಿದ್ದರು. ಹಳೇ ಟೋಸ್ಟರ್, ಮಕ್ಕಳ ಸೈಕಲ್, ಜೊತೆ ತಪ್ಪಿದ ಕಪ್-ಬಸಿಗಳು. ಒಂದೊಂದಕ್ಕೂ ಬಣ್ಣದ ಚೀಟಿ, ಮೇಲೆ ಪೆನ್ನಲ್ಲಿ ಬರೆದ ಬೆಲೆ. ನಾನು ಒಂದು ಹಿತ್ತಾಳೆ ಮೇಜುದೀಪ ಎತ್ತಿಕೊಂಡೆ. ಐದು ಡಾಲರ್ ಅಂತಿತ್ತು, ಚೌಕಾಸಿ ಮಾಡಿದ್ದಕ್ಕೆ ಮೂರಕ್ಕೆ ಕೊಟ್ಟರು.

ಆ ದೀಪದ ನಿಜವಾದ ಬೆಲೆ ಎಷ್ಟು? ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದು ಒಂದು ಡಾಲರಿನ ಮಾಲಾಗಿದ್ದರೆ ನನ್ನ ಎರಡು ಡಾಲರ್ ಸುಮ್ನೆ ಅವರ ಪಾಲಾಯಿತು. ಹತ್ತು ಡಾಲರಿನದಾಗಿದ್ದರೆ ಅವರ ಏಳು ಡಾಲರ್ ನನ್ನ ಪಾಲಾಯಿತು. ಯಾರೂ ಯಾರಿಗೂ ಮೋಸ ಮಾಡಲಿಲ್ಲ, ಇಬ್ಬರೂ ಖುಷಿಯಾಗಿಯೇ ಇದ್ದೆವು. ಆದರೂ ಒಂದಿಷ್ಟು ಸಂಪತ್ತು ಒಂದು ಕೈಯಿಂದ ಇನ್ನೊಂದು ಕೈಗೆ ಜಾರಿತು.

ಇಂಥದ್ದು ಕಣ್ಣಿಗೆ ಬಿದ್ದರೆ ಭೌತವಿಜ್ಞಾನಿಗಳು ಬಿಡುವುದಿಲ್ಲ. ಗಾಳಿಯ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಶಕ್ತಿಯನ್ನು ಹಂಚಿಕೊಳ್ಳುತ್ತವಲ್ಲ, ಹಾಗೆಯೇ ಜನ ಎದುರಾದಾಗ ದುಡ್ಡು ಕೈ ಬದಲಾಯಿಸುತ್ತದೆ ಅಂದುಕೊಂಡು ಲೆಕ್ಕ ಹಾಕಿದರು. 2002ರಲ್ಲಿ ಭಾರತದ ಅನಿರ್ಬನ್ ಚಕ್ರಬರ್ತಿ ಮುಂದಿಟ್ಟ ಒಂದು ಮಾದರಿಗೆ ಆಮೇಲೆ 'ಯಾರ್ಡ್ ಸೇಲ್ ಮಾದರಿ' ಎಂದೇ ಹೆಸರು ಬಿತ್ತು. ನಿಯಮ ತುಂಬಾ ಸರಳ. ಎಲ್ಲರಿಗೂ ಮೊದಲಿಗೆ ಒಂದೇ ಸಮ ದುಡ್ಡು. ಯಾರೋ ಇಬ್ಬರು ಎದುರಾಗುತ್ತಾರೆ. ಅವರಲ್ಲಿ ಬಡವನ ಹತ್ತಿರ ಇರುವುದರಲ್ಲಿ ಒಂದು ಪಾಲನ್ನು ಪಣಕ್ಕಿಟ್ಟು ನಾಣ್ಯ ಚಿಮ್ಮುತ್ತಾರೆ. ನಾಣ್ಯದಲ್ಲಿ ಏನೂ ಕಳ್ಳಾಟ ಇಲ್ಲ.

ಕಾಗದ ಪೆನ್ನು ತಗೊಂಡು ನೀವೇ ನೋಡಬಹುದು. ನಿಮ್ಮ ಹತ್ತಿರ 100 ರೂಪಾಯಿ ಇದೆ, ಇಬ್ಬರಲ್ಲಿ ಬಡವರು ನೀವೇ, ಪ್ರತಿ ಸಲ ಶೇ. 20 ಪಣ. ಗೆದ್ದರೆ 120 ಆಯಿತು. ಮುಂದಿನ ಸಲ ಸೋತರೆ 120ರಲ್ಲಿ 24 ಹೋಗಿ 96 ಉಳಿಯಿತು. ಮೊದಲು ಸೋತು ಆಮೇಲೆ ಗೆದ್ದರೆ? 100 ಹೋಗಿ 80, ಅದಕ್ಕೆ 16 ಸೇರಿ ಮತ್ತೆ 96. ಒಂದು ಗೆಲುವು, ಒಂದು ಸೋಲು, ಸಮ ಸಮ ಆಗಬೇಕಿತ್ತಲ್ವಾ? ನಾಲ್ಕು ರೂಪಾಯಿ ಮಾಯ. ಹೀಗೇ ಹತ್ತು ಗೆಲುವು ಹತ್ತು ಸೋಲು ಬಂದರೆ ಕೈಯಲ್ಲಿ ಉಳಿಯುವುದು ಬರೀ 66. ಆ 34 ರೂಪಾಯಿ ಗಾಳಿಗೆ ಹಾರಿ ಹೋಗಿಲ್ಲ. ಹತ್ತರ ಬದಲು ಹದಿನೈದು ಸಲ ಗೆದ್ದ ಯಾರೋ ಅದೃಷ್ಟವಂತನ ಹತ್ತಿರ ಇದೆ. ಅವನು ಬೆಳೆದಷ್ಟೂ ಅವನಿಗೆ ಪೆಟ್ಟು ಕಡಿಮೆ. ಅವನ ಹತ್ತಿರ ಹತ್ತು ಸಾವಿರ ಇದ್ದು, ನೀವು 100 ಇಟ್ಟುಕೊಂಡು ಎದುರು ಕೂತರೆ ಪಣ 20 ರೂಪಾಯಿ. ನಿಮಗೆ ಅದು ಐದರಲ್ಲಿ ಒಂದು ಪಾಲು, ಅವನಿಗೆ ಐನೂರರಲ್ಲಿ ಒಂದು ಪಾಲು. ಸೋತರೂ ಅವನಿಗೆ ಗೊತ್ತಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಈ ಆಟವನ್ನು ಬಹಳ ಹೊತ್ತು ಓಡಿಸಿದರೆ ಕೊನೆಗೆ ಹೆಚ್ಚುಕಡಿಮೆ ಎಲ್ಲ ದುಡ್ಡೂ ಒಬ್ಬನ ಹತ್ತಿರ ಬಂದು ಕೂರುತ್ತದೆ. ಅವನು ಯಾರು ಅಂತ ಮೊದಲೇ ಹೇಳೋಕಾಗಲ್ಲ. ಎಲ್ಲರೂ ಒಂದೇ ಬುದ್ಧಿಯವರು, ಒಂದೇ ನಾಣ್ಯ. (ಗೆದ್ದವನು ಆಮೇಲೆ ಬೆಳಿಗ್ಗೆ ನಾಲ್ಕಕ್ಕೆ ಏಳುವುದರ ಬಗ್ಗೆ ಭಾಷಣ ಮಾಡಿದರೂ ಮಾಡಬಹುದು.) ಗಣಿತದವರು ಈ ಸ್ಥಿತಿಗೆ ಇಟ್ಟಿರುವ ಹೆಸರು 'ಆಲಿಗಾರ್ಕಿ', ಅಂದರೆ ಕೆಲವೇ ಜನರ ಹಿಡಿತ.

ಇದೇ ಮಾತು ಈಗ ಅಮೆರಿಕದ ರಾಜಕೀಯದಲ್ಲೂ ಓಡಾಡುತ್ತಿದೆ. 2025ರ ಜನವರಿಯಲ್ಲಿ ಬೈಡನ್ ತಮ್ಮ ಬೀಳ್ಕೊಡುಗೆ ಭಾಷಣದಲ್ಲಿ ದೇಶದಲ್ಲಿ ಆಲಿಗಾರ್ಕಿ ರೂಪುಗೊಳ್ಳುತ್ತಿದೆ ಎಂದರು. ಮುಂದಿನ ತಿಂಗಳೇ ಸೆನೆಟರ್ ಬರ್ನಿ ಸ್ಯಾಂಡರ್ಸ್ 'ಆಲಿಗಾರ್ಕಿ ವಿರುದ್ಧ ಹೋರಾಟ' ಅಂತ ಊರೂರು ತಿರುಗಲು ಹೊರಟರು, ಕೆಲವು ಕಡೆ ಹತ್ತಾರು ಸಾವಿರ ಜನ ಸೇರಿದರು. ಬೈಗುಳದ ಹಾಗೆ ಕೇಳುತ್ತದೆ, ಆದರೆ ಅಂಕಿ ನೋಡಿ. ಅಮೆರಿಕದ ಫೆಡರಲ್ ರಿಸರ್ವ್ ಲೆಕ್ಕದಲ್ಲಿ ಅಲ್ಲಿನ ಮನೆಗಳ ಒಟ್ಟು ಆಸ್ತಿಯಲ್ಲಿ ಮೇಲಿನ ಶೇ. 1 ಮಂದಿಯ ಪಾಲು 1989ರಲ್ಲಿ ಸುಮಾರು ಶೇ. 23 ಇತ್ತು, ಈಗ ಸುಮಾರು ಶೇ. 31. ಕೆಳಗಿನ ಅರ್ಧ ದೇಶದ ಪಾಲು ಶೇ. 2.5ರ ಆಸುಪಾಸು.

ಹಾಗಾದರೆ ಎಲ್ಲವೂ ಒಬ್ಬನ ಹತ್ತಿರ ಹೋಗಿ ಸೇರಿಲ್ಲ ಯಾಕೆ? ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ಗಣಿತಜ್ಞ ಬ್ರೂಸ್ ಬಗೋಸಿಯನ್ ಮತ್ತು ಅವರ ಜೊತೆಗಾರರು ಈ ಮಾದರಿಗೆ ಗ್ಯಾಸ್ ಒಲೆಗೆ ಇರುವಂತೆ ಒಂದೆರಡು ನಾಬ್ ಸೇರಿಸಿದರು. ಮೊದಲನೆಯದು ತೆರಿಗೆಯ ನಾಬ್. ಪ್ರತಿ ಸುತ್ತಿನಲ್ಲೂ ಎಲ್ಲರಿಂದ ಅವರವರ ಆಸ್ತಿಗೆ ತಕ್ಕಂತೆ ಚೂರು ತೆಗೆದು, ಎಲ್ಲರಿಗೂ ಸಮನಾಗಿ ಹಂಚುವುದು. ಅಷ್ಟೇ ಸಾಕು, ಒಬ್ಬನೇ ಎಲ್ಲ ನುಂಗುವುದು ನಿಲ್ಲುತ್ತದೆ. ಎರಡನೆಯದು ನಾಣ್ಯದ ನಾಬ್. ನಿಜ ಜೀವನದಲ್ಲಿ ನಾಣ್ಯ ಸಾಹುಕಾರನ ಕಡೆಗೆ ತುಸು ಬಾಗಿರುತ್ತದಲ್ಲ, ಅದನ್ನು ಲೆಕ್ಕಕ್ಕೆ ತಂದರು. ಸಾಲದಲ್ಲಿ ಮುಳುಗಿದವರನ್ನೂ ಸೇರಿಸಿಕೊಂಡ ಮೇಲೆ ಈ ಮಾದರಿ ಅಮೆರಿಕದ ಆಸ್ತಿ ಹಂಚಿಕೆಯ ಅಂಕಿಗಳಿಗೆ ಅಚ್ಚರಿಯಾಗುವಷ್ಟು ಚೆನ್ನಾಗಿ ಹೊಂದಿಕೊಂಡಿತು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಬೇರೆ. ನಾಣ್ಯದ ನಾಬ್ ತೆರಿಗೆಯ ನಾಬನ್ನು ಮೀರಿತೆಂದರೆ ಆಟದ ಸ್ಥಿತಿಯೇ ಬದಲಾಗುತ್ತದೆ. ನೀರು ತಣ್ಣಗಾಗುತ್ತಾ ಆಗುತ್ತಾ ಒಂದು ಹಂತದಲ್ಲಿ ಮಂಜುಗಡ್ಡೆ ಕಟ್ಟುತ್ತದಲ್ಲ, ಹಾಗೆ ಸಂಪತ್ತಿನ ಒಂದು ಭಾಗ ಬೆರಳೆಣಿಕೆಯ ಮಂದಿಯ ಹತ್ತಿರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ.

ನಾಣ್ಯ ಹೇಗೆ ಬಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ಬೇಕಾದಷ್ಟು ಉದಾಹರಣೆ ಸಿಗುತ್ತದೆ. ಸಂಬಳ ಬರುವ ತನಕ ಕೈಸಾಲ ಕೊಡುವ ಅಂಗಡಿಗಳಿವೆ. 100 ಡಾಲರಿಗೆ ಎರಡು ವಾರಕ್ಕೆ 15 ಡಾಲರ್ ಅಲ್ಲಿ ಮಾಮೂಲಿ ದರ. ವರ್ಷದ ಲೆಕ್ಕ ಹಾಕಿದರೆ ಶೇ. 390! ಅದೇ ನೂರಾರು ಕೋಟಿ ಡಾಲರಿನ ಷೇರು ಇದ್ದವನು ಅದನ್ನು ಮಾರಲೇಬೇಕು ಅಂತಿಲ್ಲ. ಮಾರಿದರೆ ತೆರಿಗೆ ಬೀಳುತ್ತದೆ. ಷೇರು ಅಡವಿಟ್ಟು ಕಡಿಮೆ ಬಡ್ಡಿಗೆ ಸಾಲ ಎತ್ತಿ ಬದುಕಬಹುದು. ಸಾಲ ಆದಾಯವಲ್ಲ, ಹಾಗಾಗಿ ಅದಕ್ಕೆ ಆದಾಯ ತೆರಿಗೆ ಇಲ್ಲ. ಅವನು ಸತ್ತ ಮೇಲೆ ಆ ಷೇರು ಮಕ್ಕಳಿಗೆ ಹೋದಾಗ ಅಲ್ಲಿಯ ತನಕ ಏರಿದ ಬೆಲೆಯ ಲಾಭವನ್ನು ತೆರಿಗೆಯವರು ಕೇಳುವಂತೆಯೇ ಇಲ್ಲ. ಎಲ್ಲವೂ ಕಾನೂನು ಪ್ರಕಾರವೇ.

ಪಿಂಚಣಿಗಾಗಿ ಹಿಡಿಯುವ ಸೋಷಿಯಲ್ ಸೆಕ್ಯೂರಿಟಿ ತೆರಿಗೆಯ ಕಥೆಯೂ ಇದೇ. ಸಂಬಳದಲ್ಲಿ ಶೇ. 6.2 ಹಿಡಿಯುತ್ತಾರೆ, ಆದರೆ 2025ರಲ್ಲಿ 1,76,100 ಡಾಲರ್ ತನಕ ಮಾತ್ರ. ಅದರ ಮೇಲಿನದಕ್ಕೆ ಇಲ್ಲ. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಂಬಳದವನಿಗೆ ಈ ಬಾಬ್ತು ಯುಗಾದಿಗೆ ಮುಂಚೆಯೇ ಮುಗಿಯಿತು. ಸಾಮಾನ್ಯ ಸಂಬಳದವರು ಡಿಸೆಂಬರ್ ತನಕ ಕಟ್ಟುತ್ತಲೇ ಇದ್ದರು. ಭಾರೀ ಸಾಹುಕಾರ ವಾರೆನ್ ಬಫೆಟ್ 2011ರಲ್ಲಿ ತಾವೇ ಬರೆದಿದ್ದರು, ತಮ್ಮ ತೆರಿಗೆ ದರ ಶೇ. 17.4, ಆಫೀಸಿನ ಉಳಿದವರದ್ದು ಸರಾಸರಿ ಶೇ. 36 ಅಂತ.

ತೆರಿಗೆಯ ನಾಬ್ ಒಂದು ಕಾಲದಲ್ಲಿ ಜೋರಾಗಿಯೇ ಇತ್ತು. ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಶೇ. 91. ನಿಜ, ಅಷ್ಟು ಕಟ್ಟಿದವರು ಕಡಿಮೆ, ತಪ್ಪಿಸಿಕೊಳ್ಳುವ ಕಿಂಡಿಗಳು ಆಗಲೂ ಇದ್ದವು. ಆದರೂ ರೇಗನ್ ಕಾಲ ಮುಗಿಯುವ ಹೊತ್ತಿಗೆ, 1988ರಲ್ಲಿ, ಅದು ಶೇ. 28ಕ್ಕೆ ಇಳಿದಿತ್ತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಒಬ್ಬರು 1.5 ಕೋಟಿ ಡಾಲರ್ ತನಕದ ಆಸ್ತಿಯನ್ನು ತೆರಿಗೆ ಇಲ್ಲದೆ ವಾರಸುದಾರರಿಗೆ ಬಿಟ್ಟುಹೋಗಬಹುದು ಎಂದಿತು. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಅದೇ ಕಾನೂನಿನಲ್ಲಿ ಕತ್ತರಿ. ಒಟ್ಟಾರೆ ಈ ಕಾನೂನಿನಿಂದ 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಹೊಸದಾಗಿ ವಿಮೆ ಕಳೆದುಕೊಳ್ಳುತ್ತಾರೆ ಎಂದು ಸಂಸತ್ತಿನ ಸ್ವಂತ ಬಜೆಟ್ ಕಚೇರಿಯೇ ಅಂದಾಜು ಮಾಡಿದೆ.

ಅರ್ಥಶಾಸ್ತ್ರಜ್ಞರಿಗೆ ಈ ಭೌತವಿಜ್ಞಾನಿಗಳ ಆಟದ ಮೇಲೆ ಸಿಟ್ಟಿದೆ. ಇದರಲ್ಲಿ ಯಾರೂ ಏನನ್ನೂ ಬೆಳೆಯುವುದಿಲ್ಲ, ತಯಾರಿಸುವುದಿಲ್ಲ, ಬರೀ ಕೈಬದಲು ಅನ್ನುತ್ತಾರೆ. ಮಾತು ಸರಿ. ನನ್ನ ತಕರಾರು ಇನ್ನೊಂದು. ಮಾದರಿಯಲ್ಲಿ ನಾಬ್ ತಿರುಗಿಸುವವನು ಆಟದ ಹೊರಗೆ ನಿಂತಿರುತ್ತಾನೆ. ಅಮೆರಿಕದಲ್ಲಿ ಹಾಗಿಲ್ಲ. ಕಂಪನಿಗಳು ಚುನಾವಣೆಗೆ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ 5-4ರ ತೀರ್ಪು ಕೊಟ್ಟಿತು. 2024ರ ಚುನಾವಣೆಯಲ್ಲಿ ಈಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಜಾಸ್ತಿ ಸುರಿದರು. ಆಟದಲ್ಲಿ ಗೆದ್ದವನ ಕೈಯೇ ನಾಬಿನ ಮೇಲೂ ಇದೆ.

ಒಮ್ಮೊಮ್ಮೆ ಬೇರೆ ಕೈಗಳೂ ಅಲ್ಲಿಗೆ ಹೋಗುತ್ತವೆ. ನಮ್ಮಕ್ಕ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಜಾಸ್ತಿ ಆದಾಯಕ್ಕೆ ಜಾಸ್ತಿ ದರ ಹಾಕುವ ಪ್ರಸ್ತಾಪವನ್ನು ಮತದಾರರು ಐದು ಸಲ ತಿರಸ್ಕರಿಸಿದ್ದರು. ಆರನೇ ಸಲ, 2022ರ ನವೆಂಬರ್‌ನಲ್ಲಿ, ಶೇ. 52 ಮಂದಿ ಒಪ್ಪಿದರು. ಹತ್ತು ಲಕ್ಷ ಡಾಲರ್ ಮೇಲಿನ ಆದಾಯಕ್ಕೆ ಶೇ. 4 ಹೆಚ್ಚುವರಿ ತೆರಿಗೆ. ಮೊದಲ ಪೂರ್ಣ ಹಣಕಾಸು ವರ್ಷದಲ್ಲೇ 200 ಕೋಟಿ ಡಾಲರಿಗೂ ಜಾಸ್ತಿ ಬಂತು. ಅದು ರಸ್ತೆ, ರೈಲು, ಶಿಕ್ಷಣಕ್ಕೆ. ಒಂದು ಪಾಲು ಸರ್ಕಾರಿ ಶಾಲೆಗಳ ಎಲ್ಲ ಮಕ್ಕಳ ಉಚಿತ ಊಟಕ್ಕೆ, ನಮ್ಮ ಬಿಸಿಯೂಟದ ಹಾಗೆ.

ಊಟ ಹೇಗಿರತ್ತೆ ಅಂತ ಅಕ್ಕನ ಮಗಳನ್ನು ಕೇಳಿದೆ. 'ಪೀಟ್ಸಾ ಚೌಕಾಕಾರ ಇರತ್ತೆ ಮಾಮ, ಉಪ್ಪೇ ಇರಲ್ಲ' ಅಂದಳು. ಆದರೂ ದಿನಾ ತಿಂತಾಳಂತೆ.