ಮೊಯಾಮೊಯಾ: ಮೆದುಳು ಕಟ್ಟಿಕೊಂಡ ಬದಲಿ ದಾರಿಗಳು

ಮೊಯಾಮೊಯಾ ಎಂಬ ಮೆದುಳಿನ ರಕ್ತನಾಳದ ಕಾಯಿಲೆ ಇರುವವರ ಆಂಜಿಯೋಗ್ರಾಮ್ (ರಕ್ತನಾಳಗಳ ಚಿತ್ರ) ನೋಡಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಮೆದುಳಿನ ಬುಡದಲ್ಲಿ ಹೊಗೆಯಂತೆ ಹರಡಿರುವ ಸಣ್ಣ ನಾಳಗಳ ಜಾಲಕ್ಕೆ. "ಡಾಕ್ಟ್ರೇ, ಇದನ್ನ ತೆಗೆದುಬಿಡೋಕೆ ಆಗಲ್ವಾ?" ಎಂದು ಮನೆಯವರು ಕೇಳುತ್ತಾರೆ. ತೆಗೆಯುವುದಿರಲಿ, ಅದಕ್ಕೆ ಪೆಟ್ಟಾಗದಂತೆ ಕಾಯುವುದೇ ನಮ್ಮ ಕೆಲಸ. ರೋಗ ಇರುವುದು ಆ ಜಾಲದಲ್ಲಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ.

ಕತ್ತಿನಿಂದ ಮೇಲೇರುವ ಒಳ ಕ್ಯಾರೋಟಿಡ್ ಅಪಧಮನಿ ತಲೆಬುರುಡೆಯೊಳಗೆ ಎರಡು ದೊಡ್ಡ ಕವಲಾಗುತ್ತದೆ. ಆ ಕವಲಿನ ಜಾಗದಲ್ಲಿ ನಾಳದ ಒಳಪದರ ದಪ್ಪವಾಗುತ್ತಾ ದಾರಿ ಕಿರಿದಾಗುತ್ತದೆ, ಸಾಮಾನ್ಯವಾಗಿ ಎರಡೂ ಬದಿಯಲ್ಲಿ. ಇದು ಕೊಬ್ಬು ಕಟ್ಟಿಕೊಂಡು ಆಗುವ ತಡೆಯಲ್ಲ. ಜಪಾನಿನ ವೈದ್ಯರು 1957ರಲ್ಲಿ ಇದನ್ನು ಮೊದಲು ವರದಿ ಮಾಡಿದರು. 1969ರಲ್ಲಿ ಸುಜುಕಿ ಮತ್ತು ತಕಾಕು ಎಂಬ ವೈದ್ಯರು ಮೊಯಾಮೊಯಾ ಎಂಬ ಹೆಸರು ಕೊಟ್ಟರು.

ಹೆದ್ದಾರಿ ಮುಚ್ಚಿದಾಗ ವಾಹನಗಳು ಗಲ್ಲಿಗಳಿಗೆ ನುಗ್ಗುವಂತೆ, ರಕ್ತವೂ ಬೇರೆ ದಾರಿ ಹುಡುಕುತ್ತದೆ. ಬುಡದಲ್ಲಿ ಮೆದುಳಿನ ಆಳಕ್ಕೆ ಹೋಗುವ ಕೂದಲೆಳೆಯಂಥ ನಾಳಗಳು ಹಿಗ್ಗುತ್ತವೆ. ಹೊಗೆಯಂತೆ ಕಾಣುವುದು ಇವೇ. ಹಿಂಭಾಗದ ಅಪಧಮನಿಯ ತುದಿಗಳು ಮೆದುಳಿನ ಮೇಲ್ಮೈಯಲ್ಲೇ ಮುಂದಕ್ಕೆ ಕೈಚಾಚುತ್ತವೆ. ಕಣ್ಣಿನ ಅಪಧಮನಿಯಿಂದ ಮೂಗಿನ ಮೇಲ್ಭಾಗದ ಮೂಳೆಯ ಮೂಲಕ ಇನ್ನೊಂದು ದಾರಿ ತೆರೆಯುತ್ತದೆ. ಮೆದುಳನ್ನು ಹೊದ್ದಿರುವ ಗಟ್ಟಿ ಪೊರೆಯ ನಾಳಗಳೂ ಪೊರೆ ದಾಟಿ ಒಳಗೆ ರಕ್ತ ತಲುಪಿಸುತ್ತವೆ.

ಸುಜುಕಿ ಈ ಬದಲಾವಣೆಯನ್ನು ಆರು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲಿ ಬರೀ ಕವಲು ಕಿರಿದಾಗಿರುತ್ತದೆ. ಎರಡರಲ್ಲಿ ಜಾಲ ಶುರುವಾಗಿ ಮೂರರಲ್ಲಿ ದಟ್ಟವಾಗುತ್ತದೆ. ಅಲ್ಲಿಂದ ಮುಂದೆ ಅದು ಕರಗುತ್ತಾ ಬಂದು ಆರನೆಯ ಹಂತದಲ್ಲಿ ಕಾಣೆಯಾಗುತ್ತದೆ. "ಹೊಗೆ ಕಡಿಮೆಯಾಗಿದೆ, ಅಂದರೆ ವಾಸಿಯಾಗಿದೆ" ಎಂದುಕೊಳ್ಳುವವರಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ. ಕೊನೆಯ ಹಂತದಲ್ಲಿ ಒಳ ಕ್ಯಾರೋಟಿಡ್‌ನಿಂದ ಮೆದುಳಿಗೆ ರಕ್ತವೇ ಹೋಗುತ್ತಿರುವುದಿಲ್ಲ. ಮುಖ, ನೆತ್ತಿಗೆ ರಕ್ತ ಕೊಡುವ ಹೊರ ಕ್ಯಾರೋಟಿಡ್ ಮತ್ತು ಬೆನ್ನುಮೂಳೆಯ ಪಕ್ಕದಿಂದ ಬರುವ ಅಪಧಮನಿಗಳೇ ಪೂರ್ತಿ ಭಾರ ಹೊತ್ತಿರುತ್ತವೆ. ಅವು ಸಮರ್ಥವಾಗಿದ್ದರೆ ರೋಗಿ ಚೆನ್ನಾಗಿಯೇ ಇರಬಹುದು. ಹಾಗಾಗಿ ಹಂತದ ಸಂಖ್ಯೆಯೊಂದನ್ನೇ ನೋಡಿ ಧೈರ್ಯ ಹೇಳುವುದೂ ಹೆದರಿಸುವುದೂ ಸರಿಯಲ್ಲ.

ಬದಲಿ ನಾಳಗಳೆಲ್ಲ ಒಂದೇ ಗುಣದವಲ್ಲ. ಆಳದ ಸೂಕ್ಷ್ಮ ನಾಳಗಳು ಇಷ್ಟು ರಕ್ತ ಹೊರಲು ಹುಟ್ಟಿದವಲ್ಲ. ವರ್ಷಗಟ್ಟಲೆ ಒತ್ತಡ ತಡೆದು ಅವುಗಳ ಗೋಡೆ ತೆಳುವಾಗುತ್ತದೆ, ಕೆಲವೆಡೆ ಪುಟ್ಟ ಗುಳ್ಳೆಯಂತೆ ಉಬ್ಬುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ರಕ್ತ ಸಾಲದೆ ಕೈಕಾಲು ಸೋತರೆ, ದೊಡ್ಡವರಲ್ಲಿ ಮೆದುಳೊಳಗೆ ರಕ್ತಸ್ರಾವ ಆಗುವುದು ಹೆಚ್ಚು. ಮೆದುಳಿನ ಕುಹರಗಳ (ಒಳಗಿನ ದ್ರವ ತುಂಬಿದ ಪೊಳ್ಳುಗಳ) ಪಕ್ಕದ ಕೋರಾಯ್ಡಲ್ ನಾಳಗಳು ಹಿಗ್ಗಿ ಉದ್ದವಾಗಿರುವುದು ಕಂಡರೆ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ರಕ್ತಸ್ರಾವದೊಂದಿಗೆ ಅವುಗಳ ನಂಟು ಗಟ್ಟಿಯಾದದ್ದು.

ಇದಕ್ಕೆ ಉತ್ತರ ಬೈಪಾಸ್. ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ಅಪಧಮನಿಯನ್ನು ಮೆದುಳಿನ ಮೇಲ್ಮೈಯ ನಾಳಕ್ಕೆ ನೇರವಾಗಿ ಹೊಲಿಯಬಹುದು. ಇಲ್ಲವೇ ಅದನ್ನು ಮೆದುಳಿನ ಮೇಲೆ ಹಾಸಿ, ತಿಂಗಳುಗಳಲ್ಲಿ ಹೊಸ ನಾಳಗಳು ಬೆಳೆಯಲು ಬಿಡಬಹುದು. ಮಕ್ಕಳಲ್ಲಿ ಈ ಎರಡನೆಯದು ಚೆನ್ನಾಗಿ ಫಲ ಕೊಡುತ್ತದೆ. ಹೊರಗಿನಿಂದ ರಕ್ತ ಬರತೊಡಗಿದ ಮೇಲೆ ಬುಡದ ಜಾಲ ತಾನಾಗಿಯೇ ಸೊರಗುತ್ತದೆ. ಈ ಬಾರಿ ಅದು ಶುಭಸೂಚನೆ. ಒಮ್ಮೆ ರಕ್ತಸ್ರಾವವಾದ 80 ವಯಸ್ಕರ ಮೇಲೆ ಜಪಾನಿನಲ್ಲಿ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ನೇರ ಬೈಪಾಸ್ ಆದ 42 ಜನರಲ್ಲಿ 5 ಮಂದಿಗೆ ಮತ್ತೆ ರಕ್ತಸ್ರಾವವಾಯಿತು, ಆಗದ 38 ಜನರಲ್ಲಿ 12 ಮಂದಿಗೆ. ಸಣ್ಣ ಅಧ್ಯಯನ, ಆದರೂ ನಮ್ಮ ನಿರ್ಧಾರಗಳಿಗೆ ದೊಡ್ಡ ಆಧಾರ.

ಶಸ್ತ್ರಚಿಕಿತ್ಸೆಗೆ ಮುನ್ನ ಹೊರ ಕ್ಯಾರೋಟಿಡ್‌ನ ಆಂಜಿಯೋಗ್ರಾಮ್ ಕೂಡ ಆಗಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಪೊರೆಯ ಅಪಧಮನಿಯೊಂದು ಆಗಲೇ ಮೆದುಳಿಗೆ ರಕ್ತ ಕೊಡುತ್ತಿದ್ದರೆ, ಬುರುಡೆ ತೆರೆಯುವಾಗ ಅದನ್ನು ಕತ್ತರಿಸುವುದು ಲಕ್ವಕ್ಕೆ ದಾರಿಯಾಗಬಹುದು.

ಮಗು ಬಿಕ್ಕಿ ಅತ್ತಾಗ, ಬಲೂನು ಊದಿದಾಗ ಕೈ ಸೋಲುತ್ತದೆ ಎಂದು ತಂದೆತಾಯಿ ಹೇಳಿದರೆ ಅದನ್ನು ಹಟವೆಂದು ತಳ್ಳಿಹಾಕಬೇಡಿ. ಜೋರಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ನಾಳಗಳು ಕುಗ್ಗುತ್ತವೆ. ಬದಲಿ ದಾರಿಗಳನ್ನೇ ನೆಚ್ಚಿದ ಭಾಗಕ್ಕೆ ಆ ಕ್ಷಣದಲ್ಲಿ ರಕ್ತ ಸಾಲುವುದಿಲ್ಲ. ವಾಂತಿಭೇದಿಯಿಂದ ನೀರು ಕಳೆದುಕೊಂಡಾಗಲೂ ಬಿ.ಪಿ. ಕುಸಿದಾಗಲೂ ಅಪಾಯ ಇದೇ. ಇಂಥ ಮಗುವಿಗೆ ಯಾವುದೇ ಕಾರಣಕ್ಕೆ ಅರಿವಳಿಕೆ ಕೊಡಬೇಕಾದರೂ, ಹಲ್ಲಿನ ಚಿಕಿತ್ಸೆಗೇ ಆಗಲಿ, ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ, ಆಂಜಿಯೋಗ್ರಾಮ್ ವರದಿ ಕೈಗೆ ಕೊಡಿ.