ಪದ ಪರಿಚಯ: ಕಣ್ಗಾವಲು, ಮತ್ತೆ ಅದರ ಅಕ್ಕಪಕ್ಕದ ಪದಗಳು

ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲೂ ಇದು ಬಂದೇ ಇರತ್ತೆ, ನಮ್ಮದ್ರಲ್ಲಂತೂ ವರ್ಷಕ್ಕೊಂದ್ಸಲ ಊರ ಜಾತ್ರೆ ಬಂದ ಹಾಗೆ ಬರತ್ತೆ. ನಾಳೆಯಿಂದ ಹೊಸ ರೂಲ್ಸು, ಎಲ್ಲಾ ಕಾಲ್ ರೆಕಾರ್ಡ್ ಆಗತ್ತೆ, ಮೆಸೇಜಿಗೆ ಮೂರು ಟಿಕ್ ಬಿದ್ರೆ ಸರ್ಕಾರ ಓದಿದೆ ಅಂತ, ಅದ್ರಲ್ಲಿ ಒಂದು ಕೆಂಪಾದ್ರೆ ಕ್ರಮ ತಗೋಬಹುದು, ಮೂರೂ ಕೆಂಪಾದ್ರೆ ಕೋರ್ಟಿಂದ ಸಮನ್ಸ್. ನಮ್ಮ ಚಿಕ್ಕಪ್ಪ ಇದನ್ನ ಫಾರ್ವರ್ಡ್ ಮಾಡಿ ಕೆಳಗೆ "ಎಲ್ಲರೂ ಹುಷಾರು" ಅಂತ ಬೇರೆ ಹಾಕಿದ್ರು. ಪೂರ್ತಿ ಸುಳ್ಳು, ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವರೇ ಸುಳ್ಳು ಅಂತ ಹೇಳಿದಾರೆ. ಆದ್ರೆ ನನಗೆ ನಗು ಬರೋದು ಬೇರೆ ವಿಷಯಕ್ಕೆ, ಈ ಸುಳ್ಳಲ್ಲಿರೋ ಸರ್ಕಾರ ಎಷ್ಟು ಒಳ್ಳೇದು ನೋಡಿ, ನೋಡಿದ್ರೆ ನೋಡಿದೀನಿ ಅಂತ ಟಿಕ್ ಹಾಕಿ ಹೇಳತ್ತೆ! ನಿಜವಾದ ಕಣ್ಗಾವಲಲ್ಲಿ ಯಾವ ಬಣ್ಣದ ಟಿಕ್ಕೂ ಇರಲ್ಲ.

ಪದ ಬಿಡಿಸೋಣ. ಕಣ್ + ಕಾವಲು, ಕಣ್ಗಾವಲು. ಮಳೆ + ಕಾಲ ಮಳೆಗಾಲ ಆದ ಹಾಗೇನೇ, ಹೈಸ್ಕೂಲಲ್ಲಿ ಬಾಯಿಪಾಠ ಹೊಡೆದಿದ್ದ ಆದೇಶ ಸಂಧಿ. ಕಣ್ಣಿಟ್ಟು ಕಾಯೋದು ಅಂತ ಅರ್ಥ. ಇಂಗ್ಲಿಷಲ್ಲಿ ಸರ್ವೆಲೆನ್ಸ್ ಅಂತಾರಲ್ಲ, ಅದು ಫ್ರೆಂಚಿಂದ ಬಂದಿದ್ದು, ಮೂಲದಲ್ಲಿ ಮೇಲಿಂದ ನೋಡ್ತಾ ಇರೋದು ಅನ್ನೋ ಥರದ ಅರ್ಥ. ನಮ್ಮ ಪದದಲ್ಲಿ ಮಾತ್ರ ಕಾವಲು ಸೇರ್ಕೊಂಡಿದೆ. ಕಾವಲು ಅಂದ ತಕ್ಷಣ ನಮ್ಮ ತಲೆಗೆ ಬರೋದು ತೋಟ, ಕಣ, ಮನೆ, ಅವನ್ನ ಕಾಯೋನು ನಮ್ಮ ಕಡೆಯವನು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೆಳೆದೋರಿಗೆ ಗೊತ್ತಿರತ್ತೆ, ರಾತ್ರಿ ಗೂರ್ಖಾ ಸೀಟಿ ಊದ್ಕೊಂಡು ಕೋಲು ನೆಲಕ್ಕೆ ಕುಟ್ಕೊಂಡು ಹೋಗೋರು, ತಿಂಗಳ ಮೊದಲನೇ ವಾರ ಗೇಟ್ ಹತ್ರ ಬಂದು ದುಡ್ಡು ಇಸ್ಕೊಳ್ಳೋರು. ಅವರ ಬೆನ್ನು ನಮ್ಮ ಮನೆ ಕಡೆ, ಮುಖ ಬೀದಿ ಕಡೆ. ಅದು ಕಾವಲು. ಅದೇ ಮನುಷ್ಯ ಸೀಟಿ ನಿಲ್ಲಿಸಿ, ಮನೆ ಕಡೆ ತಿರುಗಿ, ಕಿಟಕಿ ಒಳಗೆ ನೋಡ್ತಾ ನಿಂತ್ರೆ? ಜಾಗ ಅದೇ, ಕಣ್ಣೂ ಅದೇ, ಆದ್ರೆ ಕಾವಲು ಅನ್ನಕ್ಕೆ ಬಾಯಿ ಬರಲ್ಲ. ಜನರ ಭಯ ಪೂರ್ತಿ ಈ ತಿರುಗೋದ್ರಲ್ಲಿದೆ.

ಪಕ್ಕದಲ್ಲೇ ಇರೋ ಇನ್ನೊಂದು ಪದ ನಿಗಾ. ಪಾರ್ಸಿ ಮೂಲದ್ದು. ಇದು ಮೆದು, ಮಗು ಮೇಲೆ ನಿಗಾ ಇಡು ಅಂತೀವಿ, ಐಸಿಯುಗೆ ತೀವ್ರ ನಿಗಾ ಘಟಕ ಅಂತೀವಿ. ಸರ್ಕಾರದ ಪ್ರಕಟಣೆಗಳಿಗೆ ಈ ಪದ ಇಷ್ಟ ಅನ್ಸತ್ತೆ, ಯಾಕಂದ್ರೆ ನಿಗಾ ಅಂದ್ರೆ ನಮ್ಮ ಒಳ್ಳೇದಕ್ಕೇ ಅಂತ ಕೇಳ್ಸತ್ತೆ.

2020ರ ಮಾರ್ಚಲ್ಲಿ ಕರ್ನಾಟಕದಲ್ಲಿ ಆಗಿದ್ದು ನೆನಪಿದ್ಯಾ? ಹೋಮ್ ಕ್ವಾರಂಟೈನಲ್ಲಿ ಇದ್ದೋರು ಕ್ವಾರಂಟೈನ್ ವಾಚ್ ಅನ್ನೋ ಆ್ಯಪಲ್ಲಿ ಗಂಟೆಗೊಂದು ಸೆಲ್ಫಿ ಕಳಿಸ್ಬೇಕಿತ್ತು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ರಜೆ. ಫೋಟೋ ಜೊತೆ ಲೊಕೇಶನ್ನೂ ಹೋಗೋದು. ಕಳಿಸ್ಲಿಲ್ಲ ಅಂದ್ರೆ ತಂಡ ಮನೆಗೆ ಬಂದು ಸರ್ಕಾರಿ ಕ್ವಾರಂಟೈನ್‌ಗೆ ಕರ್ಕೊಂಡು ಹೋಗತ್ತೆ ಅಂತ ಆರ್ಡರ್. ಕೈ ಮೇಲೆ ಸೀಲ್ ಬೇರೆ. ಕ್ವಾರಂಟೈನಲ್ಲಿ ಇದ್ದೋರ ಮನೆ ವಿಳಾಸದ ಪಟ್ಟಿನೂ ಆರೋಗ್ಯ ಇಲಾಖೆ ವೆಬ್‌ಸೈಟಿಗೆ ಹಾಕ್ತು, ಪಕ್ಕದ ಬೀದಿಯವರೆಲ್ಲ ನೋಡ್ಲಿ ಅಂತ. ಆಗ ರೋಗದ ಭಯ ಎಷ್ಟಿತ್ತು ಅಂದ್ರೆ ಹೆಚ್ಚಿನ ಜನ ಸರಿ ಅಂದ್ರು, ನಾನೂ ಸರಿ ಅಂದವನೇ, ಸುಳ್ಳ್ಯಾಕೆ. ಅಡುಗೆಮನೆಯಲ್ಲಿ, ಮಂಚದ ಮೇಲೆ, ಜ್ವರ ಬಂದ ಮುಖ ಇಟ್ಕೊಂಡು ಗಂಟೆಗೊಂದ್ಸಲ ಸರ್ಕಾರಕ್ಕೆ ಹಾಜರಿ ಹಾಕೋದು ಅಂದ್ರೆ ಏನು ಅಂತ ಈಗ ಕೂತು ಯೋಚಿಸಿದ್ರೆ ಮಾತ್ರ ಹೊಳೆಯತ್ತೆ. ಆದ್ರೂ ಒಂದು ಮಾತು ಒಪ್ಕೋಬೇಕು, ಅದು ಗೊತ್ತಿದ್ದು ನಡೆದ ಕಣ್ಗಾವಲು. ಸೆಲ್ಫಿ ತೆಗೆಯೋನಿಗೆ ಯಾರು ನೋಡ್ತಿದಾರೆ, ಯಾಕೆ, ಎಷ್ಟು ದಿನ ಅಂತ ತಿಳಿದಿತ್ತು.

ಗೊತ್ತಿರೋದು ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ಖರಕ್ ಸಿಂಗ್ ಕೇಸ್ ನೋಡ್ಬೇಕು. ಉತ್ತರ ಪ್ರದೇಶದವರು. 1941ರಲ್ಲಿ ಡಕಾಯಿತಿ ಕೇಸಲ್ಲಿ ಹಿಡಿದ್ರು, ಸಾಕ್ಷಿ ಇಲ್ಲ ಅಂತ ಬಿಟ್ರು. ಬಿಟ್ರು ಅಷ್ಟೇ, ಪೊಲೀಸ್ ಸ್ಟೇಷನಲ್ಲಿ ಅವರ ಹೆಸರಲ್ಲಿ ಹಿಸ್ಟರಿ ಶೀಟ್, ಅಂದ್ರೆ ಪೊಲೀಸರು ಕಣ್ಣಿಡ್ಬೇಕಾದೋರ ಕಡತ, ತೆರೆದ್ರು. ಆಮೇಲೆ ಊರ ಚೌಕಿದಾರ, ಕೆಲವೊಮ್ಮೆ ಪೊಲೀಸರು, ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ಕೂಗಿ ಎಬ್ಬಿಸೋರು, ಮನೆಯಲ್ಲಿದಾನಾ ಅಂತ ನೋಡೋಕೆ. ಅವರು ಸುಪ್ರೀಂ ಕೋರ್ಟಿಗೆ ಹೋದ್ರು. 1962ರ ಡಿಸೆಂಬರ್ 18ಕ್ಕೆ ತೀರ್ಪು ಬಂತು, ರಾತ್ರಿ ಮನೆಗೆ ಹೋಗಿ ಎಬ್ಬಿಸೋದು ಸಂವಿಧಾನಕ್ಕೆ ವಿರುದ್ಧ ಅಂದ್ರು, ಆದ್ರೆ ಖಾಸಗಿತನ ಅನ್ನೋ ಹಕ್ಕೇ ನಮ್ಮ ಸಂವಿಧಾನದಲ್ಲಿ ಇಲ್ಲ ಅಂತಾನೂ ಬಹುಮತದ ತೀರ್ಪು ಹೇಳ್ತು, ಮನೆ ಹತ್ರ ಗುಟ್ಟಾಗಿ ಆಳು ನಿಲ್ಲಿಸೋದು, ಓಡಾಟ ಬರೆದಿಡೋದು ಎಲ್ಲ ಉಳ್ಕೊಳ್ತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ, ಖಾಸಗಿತನ ಇಲ್ಲದೆ ವ್ಯಕ್ತಿ ಸ್ವಾತಂತ್ರ್ಯ ಎಲ್ಲಿಂದ ಬರತ್ತೆ ಅನ್ನೋದು ಅವರ ವಾದ.

ಇಲ್ಲಿ ಗಮನಿಸ್ಬೇಕಾದ್ದು ಆ ಬಾಗಿಲು ಬಡಿಯೋ ಸದ್ದು. ಅದು ಕೇಳಿಸ್ತು, ನಿದ್ದೆ ಕೆಡ್ತು, ಅದಕ್ಕೇ ಕೋರ್ಟಿಗೆ ಹೋಗೋಕಾಯ್ತು. ಬಡಿಯದೇ ಒಳಗೆ ಬಂದಿದ್ರೆ ಅವರಿಗೆ ಕೇಸೇ ಇರ್ತಿರ್ಲಿಲ್ಲ. "ನಾವೇನು ತಪ್ಪು ಮಾಡಿಲ್ವಲ್ಲ, ನೋಡ್ಲಿ ಬಿಡಿ" ಅನ್ನೋರಿಗೂ ನಾನು ಇದೇ ಕೇಸ್ ಹೇಳೋದು, ಖರಕ್ ಸಿಂಗ್ ಮೇಲೂ ಸಾಕ್ಷಿ ಇರ್ಲಿಲ್ಲ.

ಟೆಕ್ನಾಲಜಿ ಬಂದ್ಮೇಲೆ ಹೊಸ್ತಿಲು ದಾಟದೇ ಒಳಗೆ ಬರಬಹುದು. ಅಮೆರಿಕದ ಕೈಲೋ ಕೇಸ್ ಇದಕ್ಕೆ ಒಳ್ಳೇ ಉದಾಹರಣೆ. 1992ರಲ್ಲಿ ಆರೆಗನ್ ರಾಜ್ಯದಲ್ಲಿ ಒಬ್ಬ ಮನೆಯೊಳಗೆ ಗಾಂಜಾ ಬೆಳೀತಿದಾನೆ ಅಂತ ಅನುಮಾನ ಬಂದು ಏಜೆಂಟರು ಬೀದಿಯಲ್ಲಿ ಕಾರಲ್ಲೇ ಕೂತು ಶಾಖ ಗುರುತಿಸೋ ಕ್ಯಾಮೆರಾದಲ್ಲಿ ಮನೆ ನೋಡಿದ್ರು, ಗಿಡಕ್ಕೆ ಹಾಕೋ ದೊಡ್ಡ ದೀಪಗಳ ಬಿಸಿ ಗೋಡೆ ಮೇಲೆ ಕಾಣಿಸ್ತು. ಗಾಂಜಾ ಸಿಕ್ಕಿದ್ದೂ ನಿಜ. ಆದ್ರೆ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ, ಇದು ಮನೆ ಶೋಧ ಮಾಡಿದ ಹಾಗೇನೇ, ವಾರಂಟ್ ಬೇಕಿತ್ತು ಅಂತು. ತೀರ್ಪು ಬರೆದ ಸ್ಕಾಲಿಯಾ ಅವರು, ಈ ಯಂತ್ರ ಮನೆಯ ಹೆಂಗಸು ಪ್ರತಿ ರಾತ್ರಿ ಎಷ್ಟು ಹೊತ್ತಿಗೆ ಸ್ನಾನಕ್ಕೆ ಹೋಗ್ತಾಳೆ ಅನ್ನೋದನ್ನೂ ತೋರಿಸಬಹುದು ಅನ್ನೋ ಅರ್ಥದ ಮಾತು ಬರೆದಿದಾರೆ. ಅವತ್ತು ಅದಕ್ಕೆ ವಿಶೇಷ ಕ್ಯಾಮೆರಾ ಬೇಕಿತ್ತು. ಈಗ ಸ್ಮಾರ್ಟ್ ಮೀಟರ್ ಹದಿನೈದು ನಿಮಿಷಕ್ಕೊಂದ್ಸಲ ಕರೆಂಟ್ ಲೆಕ್ಕ ಬರೆದ್ರೆ ಗೀಸರ್ ಎಷ್ಟು ಹೊತ್ತಿಗೆ ಆನ್ ಆಯ್ತು, ಮನೆಯವರು ಊರಿಗೆ ಹೋಗಿದಾರಾ, ಮಧ್ಯರಾತ್ರಿ ಯಾರು ಎದ್ದಿದ್ರು ಅನ್ನೋದನ್ನೆಲ್ಲ ಹೆಚ್ಚುಕಮ್ಮಿ ಊಹಿಸಬಹುದು. ನೆದರ್ಲೆಂಡ್ಸಲ್ಲಿ 2009ರಲ್ಲಿ ಇದೇ ಕಾರಣಕ್ಕೆ ಕಡ್ಡಾಯ ಸ್ಮಾರ್ಟ್ ಮೀಟರ್ ಕಾನೂನು ಸಂಸತ್ತಿನ ಮೇಲ್ಮನೆಯಲ್ಲಿ ಬಿದ್ದುಹೋಯ್ತು. ನಮ್ಮಲ್ಲಿ ಸ್ಮಾರ್ಟ್ ಮೀಟರ್ ಗಲಾಟೆ ಹೆಚ್ಚಾಗಿ ರೇಟಿನ ಮೇಲೇ ನಡೀತು, ಬಚ್ಚಲುಮನೆ ಲೆಕ್ಕ ಯಾರೂ ಹೆಚ್ಚು ಕೇಳಲಿಲ್ಲ.

ಭಯದಲ್ಲೂ ಸ್ವಲ್ಪ ಅಳತೆ ಬೇಕು ಅನ್ನಿ. 2017ರಲ್ಲಿ, ಗುಟ್ಟಿನ ದಾಖಲೆ ಬಯಲು ಮಾಡೋ ವಿಕಿಲೀಕ್ಸ್ ಹೊರಗೆ ಹಾಕಿದ, ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ದಾಖಲೆಗಳಲ್ಲಿ, ಆಫ್ ಆದ ಹಾಗೆ ನಟಿಸ್ತಾ ರೂಮಿನ ಮಾತು ರೆಕಾರ್ಡ್ ಮಾಡೋ ಟಿವಿ ವಿಷಯ ಇತ್ತು. ಓದಿದ ವಾರ ನಾನು ಟಿವಿ ಪ್ಲಗ್ಗೇ ಕೀಳ್ತಿದ್ದೆ. ಆಮೇಲೆ ನೋಡಿದ್ರೆ ಅದನ್ನ ಹಾಕೋಕೆ ಯಾರಾದ್ರೂ ಮನೆಗೆ ಬಂದು ಟಿವಿಗೆ ಯುಎಸ್‌ಬಿ ಚುಚ್ಚಬೇಕಿತ್ತು. ನಮ್ಮನೆಗೆ ಸಿಐಎ ಬರೋ ಅಷ್ಟು ದೊಡ್ಡ ಮನುಷ್ಯ ನಾನಲ್ಲ.

ಇನ್ನು ಕದ್ದಾಲಿಕೆ. ಕದ್ದು ಆಲಿಸೋದು, ಎಷ್ಟು ಚೆನ್ನಾಗಿದೆ ನೋಡಿ ಪದ, ತಪ್ಪು ಯಾರದ್ದು ಅನ್ನೋದು ಪದದೊಳಗೇ ಇದೆ. ಕರ್ನಾಟಕಕ್ಕೆ ಇದರ ಪರಿಚಯ ಹಳೇದು, 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದೇ ಫೋನ್ ಕದ್ದಾಲಿಕೆ ವಿವಾದದಲ್ಲಿ. ಕಾನೂನಿನ ಪ್ರಕಾರ ಸರ್ಕಾರ ಫೋನ್ ಕೇಳಬಹುದು, 1885ರ ಟೆಲಿಗ್ರಾಫ್ ಕಾಯ್ದೆ ಕಾಲದಿಂದಲೂ. 1996ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುಪಾಡು ಹಾಕ್ತು (ಖರಕ್ ಸಿಂಗ್ ತೀರ್ಪಿನ ಹಾಗೇ ಅದೂ ಡಿಸೆಂಬರ್ 18ಕ್ಕೇ, ಕಾಕತಾಳೀಯ), ಗೃಹ ಕಾರ್ಯದರ್ಶಿ ಆರ್ಡರ್ ಬೇಕು, ಇಂತಿಷ್ಟೇ ದಿನ, ಆಮೇಲೆ ಒಂದು ಸಮಿತಿ ಪರಿಶೀಲಿಸ್ಬೇಕು. ಆದ್ರೆ ಆರ್ಡರ್ ಕೊಡೋರು ಅಧಿಕಾರಿಗಳು, ಪರಿಶೀಲಿಸೋ ಸಮಿತಿಯಲ್ಲೂ ಅಧಿಕಾರಿಗಳೇ, ಜಡ್ಜ್ ಎಲ್ಲೂ ಇಲ್ಲ. ನಿಮ್ಮ ಫೋನ್ ಕೇಳಿದ್ವಿ ಅಂತ ಎಲ್ಲಾ ಮುಗಿದ ಮೇಲಾದ್ರೂ ನಿಮಗೆ ತಿಳಿಸ್ಬೇಕು ಅನ್ನೋ ನಿಯಮನೂ ಇಲ್ಲ. ಬಾಗಿಲು ಬಡಿಯೋ ಸದ್ದೇ ಇಲ್ಲ ಅಂದಿದ್ದು ಇದಕ್ಕೆ.

2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು, ಖರಕ್ ಸಿಂಗ್ ತೀರ್ಪಿನ ಆ ಭಾಗ ರದ್ದಾಯ್ತು. ಆ ಕೇಸ್ ಹಾಕಿದ್ದು ನಮ್ಮ ಬೆಂಗಳೂರಿನ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ವಯಸ್ಸು 86, ತೀರಿಕೊಂಡಿದ್ದು 2024ರಲ್ಲಿ. ಈಗ ಸರ್ಕಾರ ಮನೆಯೊಳಗೆ ಕಣ್ಣು ಹಾಕ್ಬೇಕಂದ್ರೆ ಕಾನೂನು ಇರ್ಬೇಕು, ಸರಿಯಾದ ಉದ್ದೇಶ ಇರ್ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರ್ಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲೇ ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನ ಹೊರಗಿಡೋ ಅವಕಾಶ ಇಟ್ಕೊಂಡಿದೆ. 2025ರ ಕೊನೇಲಿ ಹೊಸ ಫೋನುಗಳಲ್ಲಿ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರ್ಬೇಕು ಅಂತ ಕಂಪನಿಗಳಿಗೆ ಹೇಳಿ, ಜನ ಗಲಾಟೆ ಮಾಡಿದ್ಮೇಲೆ ಡಿಸೆಂಬರ್ 3ಕ್ಕೆ ವಾಪಸ್ ತಗೊಂಡ್ರು. ಆ್ಯಪ್ ಕಳುವಾದ ಫೋನ್ ಹುಡುಕೋಕೆ ಅಂತ ಇದ್ದಿದ್ದು, ಆದ್ರೂ ಜನ ನಂಬಲಿಲ್ಲ, ಯಾಕೆ ನಂಬಲಿಲ್ಲ ಅನ್ನೋದು ಫೋನ್ ಒಳಗೆ ಗುಟ್ಟಾಗಿ ಕೂರೋ ಪೆಗಾಸಸ್ ನೆನಪಿದ್ದೋರಿಗೆ ಹೇಳ್ಬೇಕಾಗಿಲ್ಲ.

ಆ ಪೆಗಾಸಸ್‌ಗೆ ಯಾವ ಪದ ಹಾಕ್ಬೇಕು ಅನ್ನೋದೇ ನನ್ನ ಕೊನೇ ತಕರಾರು. ಇಸ್ರೇಲಿನ ಕಂಪನಿ ಸರ್ಕಾರಗಳಿಗೆ ಮಾತ್ರ ಮಾರ್ತೀನಿ ಅನ್ನೋ ಸಾಫ್ಟ್‌ವೇರ್, ಲಿಂಕ್ ಒತ್ತದೇ ಇದ್ರೂ ಫೋನ್ ಒಳಗೆ ಕೂರಬಲ್ಲದು, ಆಮೇಲೆ ಮೈಕು, ಕ್ಯಾಮೆರಾ, ಫೋಟೋ ಎಲ್ಲಾ ಅದರ ಕೈಗೆ. 2021ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲುಸ್ತುವಾರಿಯಲ್ಲಿ ಸಮಿತಿ ಮಾಡ್ತು, 29 ಫೋನ್ ಪರೀಕ್ಷೆ ಮಾಡಿದ್ರಲ್ಲಿ 5ರಲ್ಲಿ ಏನೋ ಮಾಲ್‌ವೇರ್ ಸಿಕ್ತು, ಅದು ಪೆಗಾಸಸ್ಸೇ ಅಂತ ಖಚಿತ ಆಗ್ಲಿಲ್ಲ, ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದೆ ಅನ್ನೋದನ್ನ ಕೋರ್ಟಲ್ಲೇ ಹೇಳಿದ್ರು. ಇದಕ್ಕೆ ಕಣ್ಗಾವಲು ಅಂದ್ರೆ ಕಾವಲಿಗೆ ಅವಮಾನ. ಕದ್ದಾಲಿಕೆ ಅಂದ್ರೆ ಬರೀ ಕಿವಿ ಆಯ್ತು, ಇಲ್ಲಿ ಕಣ್ಣೂ ಇದೆ ಕೈಯೂ ಇದೆ. ನಮ್ಮ ಪತ್ರಿಕೆಗಳು ಹ್ಯಾಕಿಂಗ್ ಸುದ್ದಿಗೆ ಬಳಸೋ ಇನ್ನೊಂದು ಪದ ಇದೆ, ಕನ್ನ. ಹಿಂದೆ ಕಳ್ಳರು ಬಾಗಿಲಿಗೆ ಬರ್ತಿರ್ಲಿಲ್ಲ, ಹಿಂದಿನ ಗೋಡೆಗೆ ಒಬ್ಬ ನುಸುಳೋ ಅಷ್ಟು ತೂತು ಕೊರೆದು ಒಳಗೆ ಬರೋರು, ಮನೆಯವರಿಗೆ ಗೊತ್ತಾಗ್ತಿದ್ದಿದ್ದು ಬೆಳಿಗ್ಗೆ ಎದ್ದು ಗೋಡೆ ನೋಡಿದ್ಮೇಲೆ. ಫೋನಿಗೆ ಹೊಡೆದ ಕನ್ನದಲ್ಲಿ ಆ ತೂತೂ ಕಾಣ್ಸಲ್ಲ, ಅದನ್ನ ಹುಡುಕೋಕೆ ಫೋನನ್ನ ಲ್ಯಾಬಿಗೆ ಕೊಡ್ಬೇಕು.